ಜರ್ಮನ್‌ಗೂ ಇಂಗ್ಲಿಷಿಗೂ ಒಗ್ಗುವ, ನಮ್ಮೂರಲ್ಲೂ ಕರೆಯಲು ಬರುವ ಹೆಣ್ಣುಮಗುವಿನ ಹೆಸರು ಬೇಕು

ಸಾಗರದ ಹುಡುಗಿ, ಟ್ಯೂಬಿಂಗನ್

ಎಲ್ಲರಿಗೂ ನಮಸ್ಕಾರ. ನನಗೀಗ ಏಳು ತಿಂಗಳು. ಹೆಣ್ಣುಮಗು ಅಂತ ಇಲ್ಲಿನ ಡಾಕ್ಟರ್ ಹೇಳಿದ್ದಾರೆ. ನನ್ನವರು ಜರ್ಮನ್, ಇದೇ ಸುತ್ತಮುತ್ತಲಿನವರು. ನಾವಿಬ್ಬರೂ ಮನೇಲಿ ಆಡೋದು ಇಂಗ್ಲಿಷ್, ಅತ್ತೆ-ನಾದಿನಿ ಜೊತೆ ಜರ್ಮನ್, ಸಾಗರಕ್ಕೆ ಫೋನ್ ಮಾಡಿದಾಗ ಕನ್ನಡ. ಇನ್ನೆರಡು ವರ್ಷಕ್ಕೆ ಅವರ ಕೆಲಸ ಐರ್ಲೆಂಡಿಗೆ ಹೋಗಬಹುದು. ಮಗು ಎರಡೂ ಕಡೆ ಶಾಲೆಗೆ ಹೋಗೋದು ಹೆಚ್ಚುಕಮ್ಮಿ ಖಾತ್ರಿ.

ಪಟ್ಟಿಯಲ್ಲಿ ಐದು ಹೆಸರಿವೆ: ಜಯಾ, ಶ್ರೇಯಾ, ಲೀಲಾ, ಮೀರಾ, ಸ್ಫೂರ್ತಿ. ಇದರಲ್ಲಿ ಜಯಾ ನನ್ನ ಅಜ್ಜಿ ಹೆಸರು, ಅಮ್ಮನ ಅಮ್ಮ. ಹೋದ ವರ್ಷ ತೀರಿಕೊಂಡಳು. ನಾನು ಹತ್ತನೇ ಕ್ಲಾಸಿನವರೆಗೆ ಅವಳ ಮಡಿಲಲ್ಲೇ ಬೆಳೆದವಳು.

ಭಾನುವಾರ ಅತ್ತೆ ಮನೆಗೆ ಹೋದಾಗ ಬೇಕರಿಯ ಕಾಗದದ ಚೀಲದ ಹಿಂದೆ ಐದೂ ಹೆಸರನ್ನು ನಾವು ಊರಲ್ಲಿ ಬರೆಯೋ ಹಾಗೇ ರೋಮನ್ ಅಕ್ಷರದಲ್ಲಿ ಬರೆದು ಅವರ ಮುಂದಿಟ್ಟೆ. ನಾನು ಬಾಯಿ ಬಿಡಲಿಲ್ಲ, ನೀವೇ ಓದಿ ಅಂದೆ. ಅತ್ತೆ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು: ಯಾಯಾ. ಶ್ರೈಯಾ. ಲೇಲಾ. ಮೇರಾ. ಶ್ಪೋರ್ಟಿ. ನಾದಿನಿ ಓದಿದ್ದೂ ಅದನ್ನೇ. ಮೊದಲನೇದು ಕೇಳಿ ನನಗೆ ಗಂಟಲು ಕಟ್ಟಿತು. ಇಲ್ಲಿ 'ಯಾ' ಅಂದ್ರೆ ಹೌದು. ಎರಡು ಸಲ ಅಂದ್ರೆ 'ಸರಿ ಸರಿ, ಸಾಕು ಬಿಡು' ಅನ್ನೋ ಧಾಟಿ. ನನ್ನ ಅಜ್ಜಿ ಹೆಸರು ಹಾಗೆ ಕೇಳಿಸಬಾರದು.

ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಮಲ್ಲೇಶ್ವರಂ ಜರ್ಮನ್ ಮೇಷ್ಟ್ರು

ತಂಗೀ, ಇಪ್ಪತ್ತು ವರ್ಷದಿಂದ ಬೆಂಗಳೂರಲ್ಲಿ ಜರ್ಮನ್ ಕಲಿಸ್ತಿದ್ದೀನಿ. ನಿಮ್ಮ ಚೀಲದ ಪರೀಕ್ಷೆಯಷ್ಟು ಒಳ್ಳೇ ಪರೀಕ್ಷೆ ಇನ್ನೊಂದಿಲ್ಲ. ಆದರೆ ಅಲ್ಲಿ ಸೋತಿದ್ದು ನಮ್ಮ ಸ್ಪೆಲಿಂಗು. ಕನ್ನಡದ ಹೆಸರನ್ನು ರೋಮನ್ ಅಕ್ಷರಕ್ಕೆ ಇಳಿಸೋ ರೂಢಿ ನಮಗೆ ಇಂಗ್ಲಿಷಿನಿಂದ ಬಂತು: 'ಈ'ಗೆ ಎರಡು ಇ, 'ಊ'ಗೆ ಎರಡು ಓ. ಜರ್ಮನ್ನರಿಗೆ ಎರಡು ಇ ಕಂಡರೆ ಅದು 'ಏ'. ಚಹಾಕ್ಕೆ ಎರಡು ಇ ಬರೆದು 'ಟೇ' ಅಂತಾರೆ. ಎರಡು ಓ ಕಂಡರೆ 'ಓ', ದೋಣಿಗೆ 'ಬೋಟ್'. ಹಾಗಾಗಿ ಮೀರಾ ಮೇರಾ ಆದಳು, ಸ್ಫೂರ್ತಿ ಶ್ಪೋರ್ಟಿ ಆದಳು.

ಸ್ಫೂರ್ತಿಗೆ ಇನ್ನೊಂದು ಪೆಟ್ಟು ಬಿದ್ದಿದೆ. ಪದದ ಮೊದಲಲ್ಲಿ ಎಸ್-ಪಿ, ಎಸ್-ಟಿ ಬಂದರೆ ಅಲ್ಲಿ 'ಶ್ಪ', 'ಶ್ಟ'. ಸ್ಪಂದನಾ ಶ್ಪಂದನಾ ಆಗ್ತಾಳೆ. ಸ್ತುತಿ ಶ್ಟುಟಿ ಆಗ್ತಾಳೆ, ಅದು ಹೆಣ್ಣುಕುದುರೆಗೆ ಅವರು ಹೇಳೋ 'ಶ್ಟೂಟೆ'ಗೆ ತೀರಾ ಹತ್ತಿರ.

ಶ್ರೇಯಾ ವಿಷಯದಲ್ಲಿ ನಿಮ್ಮನ್ನು ತಡೀತೀನಿ. ಇ-ವೈ ಅವರಿಗೆ 'ಐ'. 'ಶ್ರೈ' ಅಂದ್ರೆ ಜರ್ಮನ್ನಲ್ಲಿ ಕಿರುಚು, ಚೀತ್ಕಾರ. ಮಕ್ಕಳಿಗೆ ಅಷ್ಟು ಸಾಕು.

ಜೆ ಅಕ್ಷರ ಅವರಿಗೆ ಸಾಮಾನ್ಯವಾಗಿ 'ಯ'. ಜನವರಿ 'ಯಾನುವಾರ್'. ನಮ್ಮ ಜಯಾ, ಅಂಜಲಿ, ಪೂಜಾ, ಸುಜಾತಾ, ವಿಜಯ್ ಎಲ್ಲರೂ ಇಲ್ಲಿ ಎಡವುತ್ತಾರೆ. ನಿಜವಾದ 'ಜ' ಬೇಕಿದ್ದರೆ ಅವರು ಡಿ-ಎಸ್-ಸಿ-ಎಚ್ ಅಂತ ನಾಲ್ಕು ಅಕ್ಷರ ಕೂಡಿಸ್ತಾರೆ. ಜಂಗಲ್ ಅನ್ನೋ ಪದವನ್ನು ಹಾಗೇ ಬರೆಯೋದು.

ಗಂಡುಮಗು ಇರೋರಿಗೆ ಒಂದು ಮಾತು: ಕೊನೆಯ 'ದ್' ಅಲ್ಲಿ 'ಟ್' ಆಗುತ್ತೆ. ಗೋವಿಂದ್ ಗೋವಿಂಟ್, ಆನಂದ್ ಆನಂಟ್. ಸ್ವರದ ಮುಂದಿನ ಎಸ್ ಬಹಳ ಕಡೆ ಝೇಂಕರಿಸುತ್ತೆ, ಸುಮಾ 'ಜ಼ೂಮಾ' ಆಗ್ತಾಳೆ. ದಕ್ಷಿಣದಲ್ಲಿ, ನಿಮ್ಮ ಶ್ವಾಬಿಯಾದ ಕಡೆ, ಇದು ಕಡಿಮೆ. ಸಿ-ಎಚ್ ಇಟ್ಟು ಶುರುಮಾಡೋ ಚೈತ್ರಾ, ಚಿನ್ಮಯಿ ಬೇಡವೇ ಬೇಡ. ಚೀನಾ ದೇಶಕ್ಕೇ ದಕ್ಷಿಣದವರು 'ಕೀನಾ' ಅಂತಾರೆ, ಉತ್ತರದಲ್ಲಿ 'ಶೀನಾ' ಕೇಳಿಸುತ್ತೆ. ತಮ್ಮತಮ್ಮಲ್ಲೇ ಒಪ್ಪಂದ ಇಲ್ಲದ ಅಕ್ಷರ ಅದು.

ಮ, ನ, ರ, ಲ, ಟ, ಕ, ಅ, ಇ. ಈ ಸದ್ದುಗಳೊಳಗೆ ಹುಡುಕಿ. ಮೀರಾಗೆ ಒಂದೇ ಐ ಹಾಕಿ ಮತ್ತೆ ಓದಿಸಿ ನೋಡಿ.

ಸಾಗರದ ಹುಡುಗಿ, ಟ್ಯೂಬಿಂಗನ್

ಮೇಷ್ಟ್ರೇ, ನಿಮಗೆ ನೂರು ನಮಸ್ಕಾರ. ಈಗಷ್ಟೇ ಫೋನಿನಲ್ಲಿ ಬರೆದು ಅತ್ತೆಗೆ ಕಳಿಸಿದೆ. ಧ್ವನಿ ಸಂದೇಶ ಬಂತು: 'ಮೀರಾ'. ಸರಿಯಾಗಿ, ದೀರ್ಘ ಸಮೇತ! 'ರ' ಮಾತ್ರ ಗಂಟಲಿನಿಂದ ಬಂತು, ಅದು ಇರಲಿ.

ಅದೇ ಹಾಗೆ ಲೀಲಾಗೂ ಒಂದು ಐ ಹಾಕಿದರೆ?

ಕುಡ್ಲದಿಂದ ಕ್ಯೋಲ್ನ್‌ಗೆ

ಲೀಲಾ ಓದಲಿಕ್ಕೆ ಸರಿಯಾಗ್ತದೆ ಅಕ್ಕ. ಆದರೆ 'ಲೀಲಾ' ಅಂದ್ರೆ ಇಲ್ಲಿ ನೇರಳೆ ಬಣ್ಣ. ಇಲ್ಲಿಯ ಮಕ್ಕಳಿಗೆ ಮೊದಲು ನೆನಪಾಗೋದು ಚಾಕೊಲೇಟ್ ಜಾಹೀರಾತಿನ ನೇರಳೆ ಹಸು. ಕೆಟ್ಟ ಅರ್ಥ ಏನಲ್ಲ, ಆ ಹೆಸರಿನ ಜರ್ಮನ್ ಹುಡುಗಿಯರೂ ಇದ್ದಾರೆ. ನಿಮಗೆ ಪರವಾಗಿಲ್ಲ ಅಂತಾದ್ರೆ ಇಡಬಹುದು.

ನಾನು ಹೇಳಲಿಕ್ಕೆ ಬಂದದ್ದು ಬೇರೆ. ನನ್ನ ಮಗನ ಹೆಸರು ಸ್ವಸ್ತಿಕ್. ನಮ್ಮ ಊರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕರೆದ್ರೆ ನಾಲ್ಕು ಜನ ತಿರುಗ್ತಾರೆ. ಒಳ್ಳೇದಾಗಲಿ ಅಂತ ಇಟ್ಟ ಹೆಸರು. ಇಲ್ಲಿಗೆ ಬರುವಾಗ ಅವನಿಗೆ ಐದು ವರ್ಷ. ಆ ಚಿಹ್ನೆಗೆ ಜರ್ಮನ್ನರು 'ಹಾಕೆನ್‌ಕ್ರೊಯ್ತ್ಸ್' ಅಂತ ಬೇರೆ ಹೆಸರು ಇಟ್ಟುಕೊಂಡಿದ್ದಾರೆ, ಆದ್ರೂ 'ಸ್ವಾಸ್ಟಿಕಾ' ಅನ್ನೋ ಶಬ್ದ ಎಲ್ಲರಿಗೂ ಗೊತ್ತುಂಟು. ನಾಜಿಗಳ ಚಿಹ್ನೆ ಪ್ರದರ್ಶಿಸೋದು ಇಲ್ಲಿಯ ದಂಡಸಂಹಿತೆಯ 86ಎ ಕಲಮಿನಲ್ಲಿ ಅಪರಾಧ. ಕಾನೂನು ಹೆಸರನ್ನು ಮುಟ್ಟುವುದಿಲ್ಲ ಸರಿ. ಆದರೆ ಇತಿಹಾಸದ ಪಾಠ ಶುರುವಾದ ದಿನ ಮಗ ಮನೆಗೆ ಬಂದು ಚೀಲ ಇಟ್ಟವನು ಊಟ ಮಾಡಲಿಲ್ಲ. ಯಾರೂ ಬೈದದ್ದಲ್ಲ, ಎಲ್ಲರೂ ತಿರುಗಿ ಅವನನ್ನು ನೋಡಿದ್ದು. ಆಮೇಲೆ ನಾನೇ ಶಾಲೆಗೆ ಹೋಗಿ, ಸ್ವಸ್ತಿ ಅಂದ್ರೆ ಏನು, ನಮ್ಮ ಮನೆಯ ಹೊಸ್ತಿಲಲ್ಲಿ ಅದನ್ನು ಯಾಕೆ ಬರೀತೇವೆ ಅಂತ ಟೀಚರಿಗೆ ವಿವರಿಸಿದೆ. ಅವರು ಚೆಂದದಲ್ಲಿ ಕೇಳಿಕೊಂಡ್ರು. ಆದರೂ ಹತ್ತು ವರ್ಷದ ಹುಡುಗನ ಹೆಗಲ ಮೇಲೆ ಅಷ್ಟು ಭಾರ ಯಾಕೆ?

ಆರ್ಯನ್ ಅನ್ನೋ ಹೆಸರೂ ಹಾಗೇ. ಜರ್ಮನ್, ಇಂಗ್ಲಿಷ್ ಎರಡರಲ್ಲೂ ಅದರ ಬೆನ್ನಿಗೆ ಅದೇ ಚರಿತ್ರೆ ಉಂಟು. ಗಂಡುಮಗು ಆಗುವವರು ಯಾರಾದ್ರೂ ಓದ್ತಾ ಇದ್ರೆ ಇದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ಹರ್ಷ್ ಬೇಡ, 'ಹಾರ್ಶ್' ಎರಡೂ ಭಾಷೆಯಲ್ಲಿ ಒರಟು ಅಂತಲೇ ಅರ್ಥ. ಉತ್ತರ ಭಾರತದವರು ಇಡೋ ಅರ್ಶ್ ಅಂತೂ ಜರ್ಮನ್ನಲ್ಲಿ ಬೈಗುಳ.

ಡಬ್ಲಿನ್ ಮಳೆ

ಐರ್ಲೆಂಡ್ ಅಂದಿದ್ದಕ್ಕೆ ಬಂದೆ. ಇಲ್ಲಿ ಒಂದು ಪ್ರಾಥಮಿಕ ಶಾಲೆಯಲ್ಲಿ ಸಹಾಯಕಿಯಾಗಿದ್ದೀನಿ, ದಿನಾ ಹಾಜರಿ ನಾನೇ ಕೂಗೋದು.

ಹೆಸರಿನ ಸ್ಪೆಲಿಂಗಿಗೂ ಉಚ್ಚಾರಕ್ಕೂ ಸಂಬಂಧ ಇಲ್ಲದಿರೋದು ಈ ದೇಶದಲ್ಲಿ ಯಾರಿಗೂ ಹೊಸದಲ್ಲ. ಎನ್-ಐ-ಎ-ಎಂ-ಎಚ್ ಅಂತ ಬರೆದು 'ನೀವ್' ಅಂತಾರೆ. ಎಸ್-ಐ-ಓ-ಬಿ-ಎಚ್-ಎ-ಎನ್ ಅಂತ ಬರೆದು 'ಶಿವಾನ್' ಅಂತಾರೆ. ಮೊದಲ ದಿನ ಅದನ್ನು ಕೇಳಿ ನಮ್ಮ ಶಿವಾನಿಯೇ ಇರಬೇಕು ಅಂದುಕೊಂಡು ತಲೆ ಎತ್ತಿ ನೋಡಿದ್ದೆ, ಕೆಂಪು ಕೂದಲಿನ ಪುಟ್ಟ ಹುಡುಗಿ! ಇಂಥ ಕಡೆ ಹೆಸರನ್ನು 'ಹೇಗೆ ಹೇಳಬೇಕು' ಅಂತ ಕೇಳೋದು ಮರ್ಯಾದೆ, ಹಾಗಾಗಿ ಜಯಾ ಇಲ್ಲಿ ಜಯಾನೇ ಆಗಿರ್ತಾಳೆ. ನಿಮ್ಮ ತೊಂದರೆ ಇರೋದು ಜರ್ಮನ್ ಕಡೆ ಮಾತ್ರ.

ಇಂಗ್ಲಿಷಿನ ಪೇಚು ಐ ಅಕ್ಷರದ್ದು. ಜರ್ಮನ್ನಲ್ಲಿ ಅದು ಒಂದೇ ಥರ, ಇಂಗ್ಲಿಷಿನಲ್ಲಿ ಒಮ್ಮೆ ಈ, ಒಮ್ಮೆ ಐ. ಇಳಾ ಅಂತ ಇಟ್ಟರೆ ಐಲಾ ಆಗ್ತಾಳೆ. ಜರ್ಮನ್ 'ಈಡಾ' ಇಲ್ಲಿಗೆ ಬಂದರೆ ಐಡಾ. ಮೀರಾನ ಬಹಳ ಜನ ಮೀರಾ ಅಂತಲೇ ಓದ್ತಾರೆ, ಎಲ್ಲೋ ಒಬ್ಬರು ಮೈರಾ ಅಂತಾರೆ, ಒಂದು ಸಲ ತಿದ್ದಿದರೆ ಮುಗೀತು. ಇರಾ ಮಾತ್ರ ದಯವಿಟ್ಟು ಬೇಡ. ಸುಂದರವಾದ ಹೆಸರು ನಿಜ, ಆದರೆ ಐ-ಆರ್-ಎ ಅಂದ್ರೆ ಇಲ್ಲಿ ಬಂದೂಕು ಹಿಡಿದ ಒಂದು ಸಂಘಟನೆಯ ಹೆಸರು, ಆ ಮೂರು ದೊಡ್ಡಕ್ಷರ ಐರ್ಲೆಂಡಿನಲ್ಲಿ ಒಂದು ಮಗುವಿನ ಚೀಲದ ಮೇಲೆ ಇರಬಾರದು.

ನೀವು ಪಟ್ಟಿಗೆ ಹಾಕದೇ ಇರೋ ಒಂದು ಹೆಸರು ಹೇಳ್ತೀನಿ: ತಾರಾ. ಮೀತ್ ಕೌಂಟಿಯಲ್ಲಿ ತಾರಾ ಬೆಟ್ಟ ಅಂತಿದೆ, ಹಳೇ ಕಾಲದ ಐರಿಷ್ ಮಹಾರಾಜರ ಪೀಠ. ಇಲ್ಲಿ ಹೆಣ್ಣುಮಕ್ಕಳಿಗೆ ಆ ಹೆಸರು ಇಡ್ತಾರೆ. ಜರ್ಮನ್ನಲ್ಲೂ ಟಾರಾ ಅಂತ ನೇರವಾಗಿ ಓದ್ತಾರೆ.

ತೇಜು, ಬರ್ಲಿನ್

ನಾನು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಬರೆಯೋದನ್ನು ದೊಡ್ಡವಳಾದ ಮೇಲೆ ಕಲಿತೆ, ತಪ್ಪಿದ್ದರೆ ಕ್ಷಮಿಸಿ.

ನನ್ನ ಪೂರ್ತಿ ಹೆಸರು ತೇಜಸ್ವಿನಿ. ಒಂದನೇ ಕ್ಲಾಸಿನ ಮೊದಲ ದಿನ ಟೀಚರ್ 'ಟೇಯಾಸ್...' ಅಂತ ನಿಂತರು, ಆಮೇಲೆ 'ನಿನ್ನನ್ನು ಟೇಯಾ ಅಂತ ಕರೀತೀನಿ' ಅಂದರು. ಅಪ್ಪ-ಅಮ್ಮ ಒಪ್ಪಿಕೊಂಡರು, ಹದಿಮೂರು ವರ್ಷ ನಾನು ಶಾಲೆಯಲ್ಲಿ ಟೇಯಾ ಆಗಿದ್ದೆ. ಅಮ್ಮ ಫೋನಿನಲ್ಲಿ ಅಜ್ಜಿ ಹತ್ತಿರ ತೇಜು ಅಂದಾಗ ಯಾರೋ ಬೇರೆ ಹುಡುಗಿ ಬಗ್ಗೆ ಮಾತಾಡ್ತಿದ್ದಾರೆ ಅನ್ನಿಸೋದು.

ಮೇಷ್ಟ್ರು ಹೇಳಿದ ನಿಯಮ ಎಲ್ಲಾ ಸರಿ. ಆದರೆ ಎಲ್ಲರೂ ಸುಲಭದ ಹೆಸರೇ ಹುಡುಕಿದರೆ ನಮ್ಮ ಅರ್ಧ ಹೆಸರುಗಳು ಇಲ್ಲಿ ಹುಟ್ಟೋದೇ ಇಲ್ಲ. ಜರ್ಮನ್ನರಿಗೆ 'ಜ' ಹೇಳೋಕೆ ಬರುತ್ತೆ. ಜೀನ್ಸ್, ಜಾಬ್, ಜಾಝ್ ಎಲ್ಲಾ ಚೆನ್ನಾಗಿ ಹೇಳ್ತಾರೆ, ಬರೆಯೋದೂ ಜೆ ಅಕ್ಷರದಲ್ಲೇ. ಹೇಳಿಕೊಟ್ಟರೆ ಜಯಾನೂ ಹೇಳ್ತಾರೆ. ಹೇಳಿಕೊಡೋ ಕೆಲಸ ಅಪ್ಪ-ಅಮ್ಮ ಮೊದಲ ದಿನವೇ ಮಾಡಬೇಕು, ಮಗುವಿನ ಮೇಲೆ ಬಿಡಬಾರದು. ನನಗೆ ಮಗಳು ಹುಟ್ಟಿದರೆ ಸುಲಭದ ಹೆಸರು ಇಡೋದಿಲ್ಲ.

ಮೈನ್ ತೀರ, ಫ್ರಾಂಕ್‌ಫರ್ಟ್

ತೇಜು ಅವರ ಮಾತು ಮನಸ್ಸಿಗೆ ತಟ್ಟಿತು. ಕಾನೂನಿನ ನಾಲ್ಕು ವಿಷಯ ಹೇಳಿಬಿಡ್ತೀನಿ, ನಮ್ಮವರಲ್ಲಿ ಇದರ ಬಗ್ಗೆ ಇಲ್ಲದ ಭಯ ಬಹಳ ಇದೆ.

ಜನನವನ್ನು ಶ್ಟಾಂಡೆಸಾಮ್ಟ್‌ಗೆ, ಅಂದರೆ ನೋಂದಣಿ ಕಚೇರಿಗೆ, ಒಂದು ವಾರದೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಾದರೆ ಅವರೇ ತಿಳಿಸ್ತಾರೆ. ಹೆಸರು ಆಗಲೇ ಇರಬೇಕು ಅಂತಿಲ್ಲ, ಅದಕ್ಕೆ ಒಂದು ತಿಂಗಳು ಸಮಯ ಇದೆ. ಹನ್ನೊಂದು, ಹನ್ನೆರಡನೇ ದಿನ ನಾಮಕರಣ ಮಾಡಿ ಆಮೇಲೆ ಕೊಟ್ಟರೂ ಆರಾಮಾಗಿ ಆಗುತ್ತೆ. ಆಸ್ಪತ್ರೆಯ ಫಾರಂ ನೋಡಿ ಗಾಬರಿಯಾಗಿ ಏನೋ ಒಂದು ತುಂಬಬೇಡಿ. ಒಮ್ಮೆ ದಾಖಲಾದ ಹೆಸರು ಬದಲಿಸೋಕೆ ಗಟ್ಟಿ ಕಾರಣ ತೋರಿಸಬೇಕು, ನಮ್ಮಲ್ಲಿಯ ಹಾಗೆ ಅಫಿಡವಿಟ್ ಮಾಡಿಸಿ ಪೇಪರಿನಲ್ಲಿ ಹಾಕಿಸಿದರೆ ನಡೆಯೋದಿಲ್ಲ.

ಕಚೇರಿಯವರಿಗೆ ಹೆಸರು ಪರಿಚಯ ಇಲ್ಲದಿದ್ದರೆ ಅದು ನಿಜವಾಗಿ ಹೆಸರೇ ಅನ್ನೋದಕ್ಕೆ ಆಧಾರ ಕೇಳಬಹುದು. ಲೈಪ್ಜಿಗ್ ವಿಶ್ವವಿದ್ಯಾಲಯದಲ್ಲಿ ಹೆಸರುಗಳಿಗೇ ಮೀಸಲಾದ ಸಲಹಾ ಕೇಂದ್ರ ಇದೆ, ವೀಸ್‌ಬಾಡನ್ನಿನ ಜರ್ಮನ್ ಭಾಷಾ ಸಂಘವೂ ಇದೆ. ಇಬ್ಬರೂ ಶುಲ್ಕ ತೆಗೆದುಕೊಂಡು ಲಿಖಿತ ಅಭಿಪ್ರಾಯ ಕೊಡ್ತಾರೆ.

ಇಲ್ಲಿಯ ಈ ಕಾನೂನಿನಲ್ಲಿ ಒಂದು ದೊಡ್ಡ ತೀರ್ಪು ಬಂದದ್ದೇ ನಮ್ಮ ಹೆಸರಿನಿಂದ: ಕಿರಣ್. ಹೆಣ್ಣುಮಗುವಿಗೆ ಆ ಹೆಸರು ಇಡಲು ಕಚೇರಿ ಒಪ್ಪಲಿಲ್ಲ, ಹೆಣ್ಣೋ ಗಂಡೋ ಗೊತ್ತಾಗಲ್ಲ ಅಂದರು, ಗೊತ್ತಾಗುವ ಇನ್ನೊಂದು ಹೆಸರು ಜೊತೆಗೆ ಬೇಕು ಅಂದರು. ವ್ಯಾಜ್ಯ ಕಾರ್ಲ್ಸ್‌ರೂಹಿನ ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು. 2008ರ ಡಿಸೆಂಬರ್ 5ರಂದು ನ್ಯಾಯಾಲಯ, ಹೆಸರು ಲಿಂಗವನ್ನು ತೋರಿಸಲೇಬೇಕು ಅನ್ನೋ ಕಾನೂನೇ ಇಲ್ಲ, ಮಗುವಿನ ಹಿತಕ್ಕೆ ಧಕ್ಕೆ ಬರದಿದ್ದರೆ ಸಾಕು ಅಂದಿತು. ಅಲ್ಲಿಂದ ಮುಂದೆ ಕಿರಣ್ ಮಾತ್ರ ಅಲ್ಲ, ಎಷ್ಟೋ ಭಾಷೆಯ ಹೆಸರುಗಳಿಗೆ ದಾರಿಯಾಯಿತು. ಬೆಳಗಿನ ಕಿರಣ ಅನ್ನೋ ನಮ್ಮ ಪದ ಜರ್ಮನಿಯ ಕಾನೂನು ಪುಸ್ತಕದಲ್ಲಿ ಕೂತಿದೆ ಅಂದ್ರೆ ನನಗೆ ಇವತ್ತಿಗೂ ಖುಷಿ.

ಇನ್ನೊಂದು, ನಿಮಗೆ ಬಹಳ ಉಪಯೋಗ ಆಗುವಂಥದ್ದು: ಎರಡು ಹೆಸರು ಇಡಬಹುದು. 2018ರ ನವೆಂಬರ್‌ನಿಂದ ಅವುಗಳ ಹಿಂದು-ಮುಂದನ್ನು ಆಮೇಲೆ ಬದಲಿಸಿಕೊಳ್ಳುವುದಕ್ಕೂ ಅವಕಾಶ ಇದೆ, ಕಚೇರಿಯಲ್ಲಿ ಒಂದು ಘೋಷಣೆ ಸಾಕು. ಮಗಳು ದೊಡ್ಡವಳಾಗಿ ಎರಡನೇ ಹೆಸರನ್ನೇ ಮೊದಲಿಗೆ ತಂದುಕೊಳ್ಳಬಹುದು.

ಇಜಾರ್ ದಂಡೆ, ಮ್ಯೂನಿಕ್

ಮಗುವಿನ ಹೆಸರಿಗಿಂತ ನನಗೆ ಕಷ್ಟವಾಗಿದ್ದು ಸರ್‌ನೇಮು. ನಾವು ಹಾಸನದವರು, ಮನೆತನದ ಹೆಸರು ಇಟ್ಟುಕೊಂಡವರಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಇಲ್ಲಿನ ಕಚೇರಿಗೆ ಮೊದಲ ಹೆಸರು, ಕುಟುಂಬದ ಹೆಸರು ಎರಡೂ ಬೇಕೇ ಬೇಕು. ಮೂರು ವಾರ ಅಲೆದೆ, ಕೊನೆಗೆ ಅಪ್ಪನ ಹೆಸರೇ ಮಗುವಿನ ಕುಟುಂಬದ ಹೆಸರಾಯಿತು. ಯೂರೋಪಿಗೆ ಬರುವ ಮೊದಲೇ ಊರಲ್ಲಿ ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳಿ. 2025ರ ಮೇ 1ರಿಂದ ತಂದೆ-ತಾಯಿ ಇಬ್ಬರ ಕುಟುಂಬದ ಹೆಸರನ್ನೂ ಸೇರಿಸಿ ಮಗುವಿಗೆ ಕೊಡಬಹುದು, ಅದು ನಮ್ಮಂಥವರಿಗೆ ಸ್ವಲ್ಪ ಅನುಕೂಲ.

ಅಪ್ಪನ ಕಡೆಯವರು ಪ್ರೀತಿಗೆ ಜರ್ಮನ್ ಹೆಸರು ಸೂಚಿಸಿದರೆ ತಲೆಯ ಮೇಲೆ ಎರಡು ಚುಕ್ಕಿ ಇರೋ ಅಕ್ಷರ ಬೇಡ ಅನ್ನಿ. ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಸಾಲಿನಲ್ಲಿ ಅದು ಎರಡು ಅಕ್ಷರವಾಗುತ್ತೆ, ವಿಮಾನದ ಟಿಕೆಟ್ಟಿನಲ್ಲಿ ಮತ್ತೊಂದು ಥರ ಬರುತ್ತೆ.

ಮಲ್ಲೇಶ್ವರಂ ಜರ್ಮನ್ ಮೇಷ್ಟ್ರು

ತೇಜು ಅವರೇ, ನಿಮ್ಮ ಕನ್ನಡದಲ್ಲಿ ಒಂದು ತಪ್ಪೂ ಇಲ್ಲ. ನೀವು ಹೇಳಿದ್ದನ್ನು ಒಪ್ಪಿದೆ, ಜೀನ್ಸ್ ಹೇಳುವ ಬಾಯಿಗೆ ಜಯಾ ಬರಲೇಬೇಕು.

ಹಾಗಂತ ಕೇಳಿದ ಕೂಡಲೇ ಇಂಗ್ಲಿಷ್ ಅನ್ನಿಸೋ ಹೆಸರಿನ ಕಡೆಗೂ ಓಡಬೇಡಿ. 2009ರಲ್ಲಿ ಓಲ್ಡನ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಹೆಸರುಗಳ ಬಗ್ಗೆ ಕೇಳಿದಾಗ, ಕೆವಿನ್, ಜಸ್ಟಿನ್, ಮ್ಯಾಂಡಿ ಅಂದರೆ ತುಂಟ, ಓದಿನಲ್ಲಿ ಹಿಂದೆ ಅಂತ ಭಾವಿಸುವವರು ಬಹಳ ಸಿಕ್ಕಿದರು. ಹಾನ್ನಾ, ಸೋಫೀ, ಲೂಕಾಸ್ ಅಂದರೆ ಒಳ್ಳೇ ಮಕ್ಕಳಂತೆ. ಮಗು ಬಾಯಿ ತೆರೆಯೋ ಮೊದಲೇ ಇಂಥ ತೀರ್ಮಾನ. ಶಿಕ್ಷಕನಾಗಿ ನನಗೆ ಅದು ಬಹಳ ನೋವು ತಂದಿತು.

ಫೋನಿನಲ್ಲಿ ಹೆಸರು ಬಿಡಿಸಿ ಹೇಳೋದನ್ನೂ ಒಮ್ಮೆ ಅಭ್ಯಾಸ ಮಾಡಿ ನೋಡಿ, ಅಲ್ಲಿ ಜೀವನಪೂರ್ತಿ ಮಾಡಬೇಕಾದ ಕೆಲಸ ಅದು. ಒಂದೊಂದು ಅಕ್ಷರಕ್ಕೂ ಅದರಿಂದ ಶುರುವಾಗೋ ಒಂದೊಂದು ಹೆಸರು ಹೇಳ್ತಾರೆ. ಮಾರ್ಥಾ, ಈಡಾ, ರಿಚಾರ್ಡ್, ಆಂಟೋನ್: ಮೀರಾ ಆಯಿತು.

ಉಣಕಲ್ ಕೆರಿ, ಹುಬ್ಬಳ್ಳಿ

ತಂಗಿ, ನನಗ ಜರ್ಮನ್ ಬರೂದಿಲ್ಲ. ಮಗ-ಸೊಸಿ ಹ್ಯಾಂಬರ್ಗಿನ್ಯಾಗ ಅದಾರ, ಮೊಮ್ಮಗಳ ಬಾಣಂತನಕ್ಕ ಹೋಗಿ ಆರು ತಿಂಗಳ ಇದ್ದು ಬಂದೀನಿ. ನೀವೆಲ್ಲಾ ಕಚೇರಿ, ಸಾಲಿ ಬಗ್ಗೆ ಮಾತಾಡಾಕತ್ತೀರಿ. ತೊಟ್ಟಲದಾಗ ಹೆಸರ ಕರಿಯಾಕಿ ಯಾರು ಅನ್ನೂದನ್ನ ಯಾರೂ ಕೇಳವಲ್ರಿ.

ನಮ್ಮ ಕಡೆ ಕೂಸಿನ ಕಿವ್ಯಾಗ ಹೆಸರ ಹೇಳೂದು ಸೋದರತ್ತಿ. ಅಪ್ಪನ ಅಕ್ಕ ಇಲ್ಲಾ ತಂಗಿ. ನಿನ್ನ ಕೂಸಿಗೆ ಸೋದರತ್ತಿ ಅಂದ್ರ ಆ ಜರ್ಮನ್ ನಾದಿನಿನ ಅಲ್ಲೇನ? ಅಕಿ ಬಾಯಾಗ ಬರೂ ಹೆಸರ ಇಡು. ಬರಲಿಲ್ಲಂದ್ರ ಬರೂಹಂಗ ಕಲಿಸು. ಇನ್ನ ಎರಡ ತಿಂಗಳ ಐತಿ.

ಸಾಗರದ ಹುಡುಗಿ, ಟ್ಯೂಬಿಂಗನ್

ಅಮ್ಮಾ, ನಿಮ್ಮ ಮಾತು ಓದಿ ಎದ್ದು ಹೋಗಿ ನಾದಿನಿಗೆ ಫೋನ್ ಮಾಡಿದೆ. ನಮ್ಮ ಕಡೆ ಸೋದರತ್ತೆಯೇ ಹೇಳಬೇಕು ಅಂತಿಲ್ಲ, ಆದರೆ ನನಗೆ ಈಗ ಅವಳೇ ಹೇಳಬೇಕು ಅನ್ನಿಸ್ತಿದೆ. ಅವಳಿಗೆ ಇದೆಲ್ಲಾ ವಿವರಿಸಿದಾಗ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ 'ಅಜ್ಜಿ ಹೆಸರು ಹೇಗೆ ಹೇಳೋದು, ಇನ್ನೊಂದು ಸಲ ಹೇಳು' ಅಂದಳು.

ಇನ್ನೊಂದು ವಿಷಯ. ನಿನ್ನೆ ತಪಾಸಣೆಗೆ ಹೋದಾಗ ನರ್ಸ್ ಡಾಕ್ಟರ ಬಿಳಿ ಕೋಟು ತೋರಿಸಿ 'ಕಿಟ್ಟೆಲ್' ಅಂದರು. ನಾನು ಬೆಚ್ಚಿದೆ. ನಮ್ಮ ಕಿಟ್ಟೆಲ್ ನಿಘಂಟಿನ ಕಿಟ್ಟೆಲ್! ಆ ಪದಕ್ಕೆ ಇಲ್ಲಿ ಅರ್ಥ ಮೇಲಂಗಿ. ಕನ್ನಡದ ಒಂದೊಂದು ಪದವನ್ನೂ ಹೆಕ್ಕಿ 1894ರಲ್ಲಿ ಮಂಗಳೂರಿನಿಂದ ನಿಘಂಟು ತಂದ ಆ ಮನುಷ್ಯ ಕೊನೆಯುಸಿರು ಎಳೆದಿದ್ದು 1903ರಲ್ಲಿ ಇದೇ ಟ್ಯೂಬಿಂಗನ್ನಿನಲ್ಲಿ. ನಮ್ಮ 'ಜ'ವನ್ನು ನಾಲಿಗೆಗೆ ತಂದುಕೊಂಡ ಜರ್ಮನ್ ಇದೇ ಬೀದಿಗಳಲ್ಲಿ ಓಡಾಡಿದ್ದ ಅಂತ ಮನೆಗೆ ಬಂದು ನನ್ನವರಿಗೆ ಹೇಳಿದೆ.

ಸಾಗರದ ಹುಡುಗಿ, ಟ್ಯೂಬಿಂಗನ್

ಎರಡೂವರೆ ತಿಂಗಳ ಮೇಲೆ ಬರೀತಿದ್ದೀನಿ. ಮಗಳು ಬಂದಳು, ಇಬ್ಬರೂ ಆರೋಗ್ಯ. ಆಸ್ಪತ್ರೆಯ ಫಾರಂನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟೆವು, ಯಾರೂ ಏನೂ ಅನ್ನಲಿಲ್ಲ. ಫ್ರಾಂಕ್‌ಫರ್ಟಿನವರಿಗೆ ಧನ್ಯವಾದ.

ತಾರಾ ಮತ್ತು ಮೀರಾ ಮಧ್ಯೆ ಬಹಳ ತೂಗಿದೆವು. ಕೊನೆಗೆ ಮೀರಾ ಜಯಾ ಅಂತ ಇಟ್ಟೆವು. ಜಯಾಗೆ ಜೆ ಅಕ್ಷರವನ್ನೇ ಉಳಿಸಿಕೊಂಡೆವು. ತೇಜು, ಹೇಳಿಕೊಡೋ ಕೆಲಸ ನಮ್ಮದು, ಮರೆಯೋದಿಲ್ಲ.

ಹನ್ನೆರಡನೇ ದಿನ ನಾಮಕರಣ. ನಾದಿನಿ ಬಂದಾಗ ಅವಳ ಎಡ ಅಂಗೈಯಲ್ಲಿ ನೀಲಿ ಪೆನ್ನಿನಲ್ಲಿ ಮೇಷ್ಟ್ರು ಹೇಳಿದ ಆ ನಾಲ್ಕು ಅಕ್ಷರ ಬರೆದುಕೊಂಡಿದ್ದಳು, ಡಿ-ಎಸ್-ಸಿ-ಎಚ್. ಬಗ್ಗಿ ಮಗುವಿನ ಕಿವಿಯಲ್ಲಿ ಹೇಳುವಾಗ ಆ ಕೈಯನ್ನೇ ಬಾಯಿಗೆ ಅಡ್ಡ ಹಿಡಿದಳು. ಬೆವರಿಗೆ ಶಾಯಿ ಇಳಿದು ಮಗುವಿನ ಬಿಳಿ ಹೊದಿಕೆಗೆ ಒಂದು ನೀಲಿ ಕ‌ಲೆ ಬಿತ್ತು, ಅದನ್ನು ಒಗೆಯದೆ ಇಟ್ಟಿದ್ದೀನಿ. ಸಾಗರದಿಂದ ಅಮ್ಮ ವಿಡಿಯೋದಲ್ಲಿದ್ದಳು. ತನ್ನ ಅಮ್ಮನ ಹೆಸರು ಆ ಬಾಯಲ್ಲಿ ಸರಿಯಾಗಿ ಬಂದಿದ್ದು ಕೇಳಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

ಆಮೇಲೆ ನನ್ನವರು ತಟ್ಟೆಯಲ್ಲಿ ಅಕ್ಕಿ ಹರಡಿ, ನಾನು ಕಲಿಸಿದ ಹಾಗೆ, ಉಂಗುರದಲ್ಲಿ ಕನ್ನಡದಲ್ಲೇ ಹೆಸರು ಬರೆದರು. ಅಮ್ಮ ಫೋನನ್ನು ಹತ್ತಿರ ತರೋಕೆ ಹೇಳಿ, ಕಣ್ಣು ಕಿರಿದು ಮಾಡಿ ನೋಡಿ ಅಂದಳು: 'ಮಿ ಅಂತ ಆಗಿದೆ ನೋಡು, ದೀರ್ಘ ಹಾಕಕ್ಕೆ ಹೇಳು ಅವನಿಗೆ.'